ಎಡಗಡೆಯ ಮೂರು ಇಲಿಗಳು

ಇದು ಆಗುವ ಮಾತಲ್ಲ ಎಂದು ಮೊದಲು ಹೇಳಿದವಳು ನನ್ನ ಅಜ್ಜಿ. ಅಪ್ಪನ ತಾಯಿ, ನಮ್ಮ ರೇಷ್ಮೆಹುಳುವಿನ ಮನೆಯ ಯಜಮಾನಿ. ನನ್ನ ಹತ್ತನೇ ಕ್ಲಾಸಿನ ಫಲಿತಾಂಶ ಬಂದ ದಿನ, ತಲೆಯ ಮೇಲಿದ್ದ ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ಕೆಳಗಿಳಿಸದೆಯೇ ಅಪ್ಪನಿಗೆ ಹೇಳಿದ್ದಳು: "ನಮ್ಮಟ್ಟೀಲಿ ಕಾಲೇಜ್ ಮೆಟ್ಲು ಅತ್ತಿದವ್ರು ಒಬ್ರೂ ಇಲ್ಲ. ಇವ್ಳು ಅತ್ತಿ ಎಲ್ಲಿಗ ಓಯ್ತಾಳು? ಡಿಗ್ರಿ ಗಿಗ್ರಿ ನಮ್ಗ ಆಗೋ ಮಾತಲ್ಲ ಕಣ್ಲಾ. ಉಳ ನೋಡ್ಕಳಾಕ ಒಂದ್ ಕೈ ಕಮ್ಮಿಯಾಯ್ತದ, ಅಷ್ಟೇಯ."

ಆಮೇಲೆ ಅದೇ ಮಾತನ್ನು ಬೇರೆಯವರೂ ಹೇಳಿದರು. ಬಸ್ಸಿನಲ್ಲಿ ಹೇಳಿದವರಿದ್ದಾರೆ, ನೆಂಟರ ಮನೆಯ ಊಟದ ಸಾಲಿನಲ್ಲಿ ಕೂತು ಹೇಳಿದವರಿದ್ದಾರೆ. ಅವರ ಮಾತು ನನಗೆ ತಾಕಲಿಲ್ಲ. ಅಜ್ಜಿಯದು ತಾಕಿತು. ಹುಳುವಿನ ವಿಷಯದಲ್ಲಿ ಅವಳು ಹೇಳಿದ್ದು ತಪ್ಪಿದ್ದನ್ನು ನಾನು ಕಂಡಿರಲಿಲ್ಲ. ತಟ್ಟೆಯ ಮೇಲೆ ಬಗ್ಗಿ ಮೂಸಿ, ಈ ಸಲ ಗೂಡು ಗಟ್ಟಿ, ಈ ಸಲ ಜೊಳ್ಳು ಎನ್ನುತ್ತಿದ್ದಳು, ಹಾಗೇ ಆಗುತ್ತಿತ್ತು. ಹಾಗಿದ್ದವಳು ನನ್ನ ವಿಷಯದಲ್ಲಿ ಮಾತ್ರ ತಪ್ಪುತ್ತಾಳೆಯೇ ಎಂದು ನನಗೇ ಅನುಮಾನ.

ನಮ್ಮ ಊರು ಯಳಂದೂರಿಗೂ ಕೊಳ್ಳೇಗಾಲಕ್ಕೂ ನಡುವೆ. ವಾಸದ ಮನೆಗೂ ಹುಳುವಿನ ಮನೆಗೂ ನಡುವೆ ಒಂದು ಅಂಗಳ. ಹುಳುವಿನ ಮನೆ ಎಂದರೆ ಮಣ್ಣಿನ ಗೋಡೆ, ಸಣ್ಣ ಕಿಟಕಿ, ಒಳಗೆ ಒಂದರ ಮೇಲೊಂದು ಏರಿಸಿದ ಬಿದಿರಿನ ತಟ್ಟೆಗಳು. ಒಳಗೆ ಹೋಗುವವರು ಕಾಲು ತೊಳೆದು ಸುಣ್ಣ ತುಳಿದು ಹೋಗಬೇಕು. ಹೂ ಮುಡಿದು ಹೋಗಬಾರದು. ಮುಟ್ಟಾದ ಹೆಂಗಸರು ಹೊಸಿಲು ದಾಟಬಾರದು. ಇವು ನಮ್ಮ ಸುತ್ತಿನ ಎಲ್ಲ ಮನೆಗಳಲ್ಲೂ ಇದ್ದ ಕಟ್ಟುಗಳು. ನಮ್ಮ ಮನೆಯಲ್ಲಿ ಇನ್ನೊಂದಿತ್ತು: ನನ್ನ ಅವ್ವ ಯಾವ ದಿನವೂ ಒಳಗೆ ಬರುವ ಹಾಗಿರಲಿಲ್ಲ.

ಅವ್ವ ಹನೂರಿನ ಆಚೆ, ಪಾಲಾರ್ ಕಡೆಯ ಹಳ್ಳಿಯವಳು. ಅಲ್ಲಿ ಅರ್ಧ ತಮಿಳು, ಅರ್ಧ ಕನ್ನಡ. ಜೋಳ, ಹುರುಳಿ ಬೆಳೆಯುವ ಕಲ್ಲುನೆಲ. ಹುಳುವಿನ ಸಾಕಣೆ ಅವಳಿಗೆ ಗೊತ್ತಿರಲಿಲ್ಲ. ಮದುವೆಯಾಗಿ ಬಂದ ವರ್ಷ ಒಂದು ಇಡೀ ಬೆಳೆ ಹುಳು ಸತ್ತುಹೋಯಿತಂತೆ. ಸೊಸೆ ಬರಬಾರದ ದಿನ ಒಳಗೆ ಬಂದಿದ್ದಳು ಎಂದಳು ಅಜ್ಜಿ. ಅವ್ವ ಇಲ್ಲ ಎಂದಳು. ಯಾರ ಮಾತು ನಡೆಯಿತು ಎಂದು ಹೇಳಬೇಕಾಗಿಲ್ಲ. ಅಂದಿನಿಂದ ಅವ್ವನ ಜಾಗ ಹುಳುವಿನ ಮನೆಯ ಹೊರಜಗಲಿ. ಅಲ್ಲಿ ಕೂತು ಸೊಪ್ಪು ಹೆಚ್ಚುತ್ತಿದ್ದಳು. ಹೆಚ್ಚಿದ್ದನ್ನು ಮೊರದಲ್ಲಿ ತುಂಬಿ ಹೊಸಿಲಿನ ಈಚೆ ಇಡುತ್ತಿದ್ದಳು. ನಾನು ಎತ್ತಿಕೊಂಡು ಒಳಗೆ ಓಡುತ್ತಿದ್ದೆ.

ರೇಷ್ಮೆಹುಳು ತನ್ನ ಬಾಳಿನಲ್ಲಿ ನಾಲ್ಕು ಸಲ ಮಲಗುತ್ತದೆ. ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿಕೊಂಡು, ಅಲ್ಲಾಡದೆ ಒಂದು ದಿನದಷ್ಟು ಹೊತ್ತು ಹಾಗೇ ಇರುತ್ತದೆ. ಎದ್ದಾಗ ಹಳೆಯ ಚರ್ಮ ಕಳಚಿ ಬಿದ್ದಿರುತ್ತದೆ. ಊರಲ್ಲಿ ಇದನ್ನು ಜ್ವರಕ್ಕೆ ಕೂರುವುದು ಎನ್ನುತ್ತಾರೆ. ಮೈ ಸುಡುವ ಜ್ವರವೇನೂ ಅಲ್ಲ. ಆಗ ಸೊಪ್ಪು ಹಾಕಬಾರದು, ತಟ್ಟೆ ಅಲುಗಿಸಬಾರದು, ಚಳಿ ತಾಕಿಸಬಾರದು. ಬೆಟ್ಟದ ಕಡೆಯ ಗಾಳಿ ಬೀಸುವ ತಿಂಗಳುಗಳಲ್ಲಿ ಅಜ್ಜಿ ಕಿಟಕಿಗೆ ಗೋಣಿ ಕಟ್ಟಿ, ಬಾಣಲೆಯಲ್ಲಿ ಕೆಂಡ ಇಟ್ಟು, ತಟ್ಟೆಯಿಂದ ಒಂದು ಗೇಣು ನಾಲ್ಕು ಬೆರಳು ಮೇಲಕ್ಕೆ ಬಲ್ಬು ಇಳಿಬಿಡುತ್ತಿದ್ದಳು. ಆ ಅಳತೆಯನ್ನು ನನ್ನ ಕೈ ಹಿಡಿದು ಕಲಿಸಿದ್ದಳು. "ಎದ್ದಿರೋವು ಸೊಪ್ಪು ಕೇಳ್ತವ. ಮಲ್ಗಿರೋವು ಏನೂ ಕೇಳಾಕಿಲ್ಲ ಕೂಸೇ. ನಾವೇ ತಿಳ್ಕಂಡು ಬೆಚ್ಗ ಮಡಗ್ಬೇಕು."

ಮಲಗಿದ ಹುಳು ಏಳುವ ಹೊತ್ತಿಗೆ ಅವ್ವ ಕಿಟಕಿಯ ಗೋಣಿಯ ಆಚೆಯಿಂದ ಕೇಳುತ್ತಿದ್ದಳು, ಎದ್ದವಾ ಕಣ್ಣು ಅಂತ. ನನ್ನನ್ನು ಅವಳು ಕರೆಯುತ್ತಿದ್ದುದೇ ಕಣ್ಣು ಎಂದು, ಅವಳ ತವರಿನ ರೂಢಿ. ನಾನು ಒಳಗಿನಿಂದ ವರದಿ ಕೊಡುತ್ತಿದ್ದೆ. ಇನ್ನೂ ಇಲ್ಲ. ಮೂಲೆ ತಟ್ಟೆಯವು ಅಲ್ಲಾಡಿದವು. ಒಂದು ಎದ್ದಿತು, ಚರ್ಮ ದೊಡ್ಡದಾಗಿ ಅಣ್ಣನ ಅಂಗಿ ಹಾಕಿಕೊಂಡ ಹಾಗಿದೆ. ಅವ್ವ ನಗುತ್ತಿದ್ದಳು. ನಮ್ಮ ಮನೆಯ ಹುಳುಗಳನ್ನು ಅವ್ವ ಹತ್ತು ಹನ್ನೆರಡು ವರ್ಷ ನನ್ನ ಮಾತಿನಲ್ಲಿ, ಅದಕ್ಕೂ ಮೊದಲು ಬರೀ ಸದ್ದಿನಲ್ಲಿ ಕಂಡಳು. ಹುಳು ಸೊಪ್ಪು ತಿನ್ನುವಾಗ ಒಣಎಲೆಯ ಮೇಲೆ ಯಾರೋ ಬರಿಗಾಲಲ್ಲಿ ನಡೆದ ಹಾಗೆ ಸದ್ದಾಗುತ್ತದೆ. ಜಗಲಿಗೆ ಕೇಳಿಸುತ್ತಿತ್ತು.

ನಾನು ಕೊಳ್ಳೇಗಾಲದಲ್ಲಿ ಎರಡನೇ ಪಿಯುಸಿ ಓದುತ್ತಿದ್ದಾಗ ಅವ್ವನ ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದು ಗೊತ್ತಾಯಿತು. ಮೈಸೂರಿನಲ್ಲಿ ಆಪರೇಷನ್ ಆಯಿತು. ಚೆನ್ನಾಗಿಯೇ ಮಾಡಿದರು, ಕಾಯಿಲೆ ದೊಡ್ಡದಿತ್ತು. ಹೊರಗೆ ತಳ್ಳಿಕೊಂಡು ಬಂದಾಗ ಅವ್ವ ಇನ್ನೂ ಪೂರ್ತಿ ಎದ್ದಿರಲಿಲ್ಲ. ನಾನು ಪಾದ ಮುಟ್ಟಿ ನೋಡಿದೆ. ಆಸ್ಪತ್ರೆಯ ನೆಲದಷ್ಟೇ ತಣ್ಣಗಿತ್ತು. ಅವ್ವ ಕಣ್ಣು ಬಿಡದೆ, ತುಟಿ ನಡುಗಿಸುತ್ತಾ ಹೇಳಿದಳು: "ಕುಳಿರುದು ಕಣ್ಣು." ಚಳಿಯಾಗ್ತಿದೆ ಅಂತ. ಕಣ್ಣು ಎನ್ನುವುದೊಂದು ಬಿಟ್ಟರೆ ಅವಳು ತಮಿಳು ಆಡಿದ್ದನ್ನು ನಾನು ಅದುವರೆಗೆ ಕೇಳಿರಲೇ ಇಲ್ಲ. ಅಜ್ಜಿ ಅಣಕಿಸುತ್ತಾಳೆಂದು ಬಿಟ್ಟಿದ್ದಳು. ನರ್ಸು ಕಂಬಳಿ ತರುವವರೆಗೆ ನನ್ನ ವೇಲನ್ನು ಅವಳ ಕಾಲಿಗೆ ಸುತ್ತಿ ಉಜ್ಜುತ್ತಾ ನಿಂತಿದ್ದೆ. ಮನೆಗೆ ಬಂದಳು. ಆ ಸಲದ ಹುಳು ಗೂಡು ಕಟ್ಟುವುದರೊಳಗೆ ಹೋಗಿಬಿಟ್ಟಳು.

ಮಲಗಿಸುವ ಔಷಧಿ ಮೈಯನ್ನು ಏಕೆ ತಣ್ಣಗಾಗಿಸುತ್ತದೆ ಎಂದು ತಿಳಿಯಲೆಂದೇ ನಾನು ಫಾರ್ಮಸಿ ಓದಲು ಹೋದೆ ಎಂದರೆ ಕೇಳಲು ಚೆಂದ. ಅದು ಸುಳ್ಳು. ಸೀಟು ಸಿಕ್ಕಿತು, ಹೋದೆ. ಅಪ್ಪ ಬೇಡ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಟ್ರಂಕನ್ನು ಸೈಕಲ್ ಮೇಲಿಟ್ಟು ಬಸ್‌ಸ್ಟಾಪಿಗೆ ತಳ್ಳಿಕೊಂಡು ಬಂದ. ಮೈಸೂರಿನ ಕಾಲೇಜಿನಲ್ಲಿ ಮೊದಲ ವರ್ಷ ನನಗೆ ಅರ್ಥವಾಗಿದ್ದು ಅಟೆಂಡೆನ್ಸ್ ಒಂದೇ. ಇಂಗ್ಲಿಷ್ ಪುಸ್ತಕದ ಒಂದೊಂದು ಪುಟಕ್ಕೂ ಕನ್ನಡದಲ್ಲಿ ಒಂದೊಂದು ಪುಟ ಬರೆದುಕೊಂಡೆ. ಬಿ.ಫಾರ್ಮ್ ಮುಗಿಯುವಾಗ ಆ ನೋಟ್‌ಬುಕ್ಕುಗಳೇ ಟ್ರಂಕಿನ ತುಂಬ ಆದವು. ಅವು ಈಗಲೂ ನನ್ನ ಹತ್ತಿರ ಇವೆ. ನಾಚಿಕೆ ಇಲ್ಲ, ಹೆಮ್ಮೆಯೇ.

ಎಂ.ಫಾರ್ಮ್‌ಗೆ ಔಷಧಶಾಸ್ತ್ರ ತೆಗೆದುಕೊಂಡೆ. ಪ್ರಬಂಧಕ್ಕೆ ನನ್ನ ಗೈಡ್ ಮೇಡಂ ಕೊಟ್ಟ ವಿಷಯ ಹೀಗಿತ್ತು. ಆಂಫೆಟಮಿನ್ ಜಾತಿಯ ಒಂದು ಔಷಧಿ ಇದೆ. ಎರಡು ಬೀಗದ ಕಪಾಟಿನಲ್ಲಿ ಇಟ್ಟು, ಇಬ್ಬರ ಸಹಿ ಹಾಕಿ ತೆಗೆಯುವಂಥದ್ದು. ಹೆಚ್ಚಾಗಿ ಕೊಟ್ಟರೆ ಇಲಿಯ ಮೈ ಬಿಸಿಯೇರುತ್ತದೆ, ಮಿದುಳಿನ ಒಳಗೆ ಕೆಲವು ನರತುದಿಗಳು ಸಾಯುತ್ತವೆ. ಆದರೆ ಇಲಿಗೆ ಮೊದಲು ಅರಿವಳಿಕೆ ಕೊಟ್ಟು ಮಲಗಿಸಿ, ಆಮೇಲೆ ಆ ಔಷಧಿ ಕೊಟ್ಟರೆ ಮಿದುಳಿಗೆ ಏನೂ ಆಗುವುದಿಲ್ಲ. ನಮ್ಮ ಲ್ಯಾಬಿನಲ್ಲಿ ನನಗಿಂತ ಹಿಂದಿನವರು ಇಷ್ಟನ್ನು ಕಂಡಿದ್ದರು. ಅಂದರೆ ಅರಿವಳಿಕೆಯೇ ಮಿದುಳನ್ನು ಕಾಯುತ್ತದೆಯೇ? ನಾನು ಅದನ್ನು ಸರಿಯಾಗಿ ಮಾಡಿ ತೋರಿಸಬೇಕಿತ್ತು. ಕೆಲವು ಇಲಿಗಳಿಗೆ ಎಚ್ಚರದಲ್ಲೇ ಔಷಧಿ, ಆರು ಇಲಿಗಳಿಗೆ ಮಲಗಿಸಿ ಔಷಧಿ, ಹೋಲಿಸಿ ನೋಡಲು ಇನ್ನು ಕೆಲವು. ಇಲಿಗಳನ್ನು ಬಳಸಲು ಸಮಿತಿಯ ಅನುಮತಿ ಬೇಕು. ಎಷ್ಟು ಇಲಿ ಎಂದು ಬರೆದುಕೊಟ್ಟಿರುತ್ತೇವೋ ಅಷ್ಟೇ, ಒಂದು ಹೆಚ್ಚಿಲ್ಲ. ಕೆಲಸ ಕೆಟ್ಟರೆ ಆ ವರ್ಷ ಹೋದಂತೆಯೇ.

ಪ್ರಯೋಗದ ದಿನ ಚಳಿಗಾಲದ ಒಂದು ಮಧ್ಯಾಹ್ನ. ಆರು ಇಲಿಗಳನ್ನು ಮಲಗಿಸಿದೆ. ಕಾಲ್ಬೆರಳು ಚಿವುಟಿ ನೋಡಿದೆ, ಎಳೆದುಕೊಳ್ಳಲಿಲ್ಲ, ಗಾಢ ನಿದ್ದೆ. ಮೇಜಿನ ಮೇಲೆ ಆರು ಪಂಜರಗಳು, ಎಡದಿಂದ ಒಂದರಿಂದ ಆರರವರೆಗೆ ಸಾಲಾಗಿ. ಔಷಧಿಯ ಮೊದಲ ಸೂಜಿ ಚುಚ್ಚಿದೆ. ಪುಸ್ತಕದಲ್ಲಿ ಸಮಯ ಬರೆದೆ. ಇನ್ನು ನನ್ನ ಕೆಲಸ ಮುಂದಿನ ಸೂಜಿಯವರೆಗೆ ಕಾಯುವುದು ಮಾತ್ರ.

ಸುಮ್ಮನೆ ಒಂದರ ಬಾಲ ಮುಟ್ಟಿದೆ. ತಣ್ಣಗಿತ್ತು. ಪಾದ ಮುಟ್ಟಿದೆ. ಅದು ನನಗೆ ಗೊತ್ತಿದ್ದ ತಂಪು.

ಯೋಚನೆ ಮಾಡಿ ಮಾಡಿದೆ ಎಂದು ಹೇಳಲಾರೆ. ಬರೆಯುವ ಮೇಜಿನ ದೀಪ ತಂದೆ. ಹಳೆಯ ಕಾಲದ್ದು, ಅರವತ್ತು ವಾಟಿನ ಬಲ್ಬು. ಪ್ಲಗ್ಗು ಎಡಗಡೆ ಗೋಡೆಯಲ್ಲಿತ್ತು, ವೈರು ಗಿಡ್ಡ. ಎಡಗಡೆಯ ಮೂರು ಪಂಜರಕ್ಕೆ ಮಾತ್ರ ಬೆಳಕು ಮುಟ್ಟಿತು. ಕೈಯಿಟ್ಟು ಅಳೆದೆ, ಒಂದು ಗೇಣು ನಾಲ್ಕು ಬೆರಳು. ಬಲಗಡೆಯ ಮೂರಕ್ಕೆ ಏನೂ ಮಾಡಲಾಗದ್ದಕ್ಕೆ ಬೇಜಾರಾಯಿತು. ಬೇಜಾರಾಯಿತು ಎಂಬುದನ್ನು ಇಂದಿಗೂ ಮರೆತಿಲ್ಲ.

ಪ್ರಾಣಿಮನೆಯ ಅಟೆಂಡರ್ ಹೊಟ್ಟು ತುಂಬಿದ ಚೀಲ ಹೊತ್ತುಕೊಂಡು ಬಂದವರು ಬಾಗಿಲಲ್ಲೇ ನಿಂತರು. ನಮ್ಮ ಕಡೆಯವರೇ, ನಿವೃತ್ತಿಗೆ ಹತ್ತಿರವಿದ್ದವರು. ದೀಪ ನೋಡಿದರು, ನನ್ನನ್ನು ನೋಡಿದರು. "ಏನವ್ವಾ, ಇಲಿಗ ಬಾಣಂತನ ಮಾಡೀಯಾ? ಸಾಂಬ್ರಾಣಿ ಒಗ್ಯಾನೂ ಆಕ್ಬುಡು ಮತ್ತ." ನಾನು ನಕ್ಕೆ. ಅವರೂ ನಕ್ಕು ಹೊಟ್ಟು ಸುರಿದು ಹೋದರು. ದೀಪದ ವಿಷಯವನ್ನು ನಾನು ಪುಸ್ತಕದಲ್ಲಿ ಬರೆಯಲಿಲ್ಲ. ಮುಚ್ಚಿಡಬೇಕೆಂದಲ್ಲ. ಬರೆಯುವಂಥ ವಿಷಯ ಎಂದೇ ಹೊಳೆಯಲಿಲ್ಲ. ಅಜ್ಜಿ ಬಲ್ಬು ಹಚ್ಚಿದ್ದನ್ನು ಯಾವ ಪುಸ್ತಕದಲ್ಲಿ ಬರೆದಿದ್ದಳು?

ಕೆಲವು ದಿನಗಳ ನಂತರ ಇಲಿಗಳ ಮಿದುಳು ತೆಗೆದೆ. ಅದನ್ನು ಬಣ್ಣಿಸುವುದಿಲ್ಲ. ಮಾಡಬೇಕಾದದ್ದನ್ನು ನೋವಾಗದ ಹಾಗೆ ಮಾಡಲು ಕಲಿತಿದ್ದೆ ಎಂದಷ್ಟೇ ಹೇಳುತ್ತೇನೆ. ಮಿದುಳನ್ನು ತೆಳುವಾಗಿ ಸೀಳಿ ಬೆಳ್ಳಿಯ ದ್ರಾವಣದಲ್ಲಿ ಅದ್ದಿದರೆ ಸತ್ತ ನರತುದಿಗಳು ಕಪ್ಪಗೆ ಕಾಣುತ್ತವೆ, ಹುಚ್ಚೆಳ್ಳಿನ ಪುಡಿ ಉದುರಿಸಿದ ಹಾಗೆ. ಎಚ್ಚರವಿದ್ದ ಇಲಿಗಳಲ್ಲಿ ಪುಡಿ ಉದುರಿತ್ತು, ಅದು ಗೊತ್ತಿದ್ದದ್ದೇ. ಮಲಗಿದ್ದ ಆರರಲ್ಲಿ ಮೂರು ಶುದ್ಧ. ಇನ್ನು ಮೂರರಲ್ಲಿ ಪುಡಿ ಉದುರಿತ್ತು.

ಮೇಡಂ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ, ಗಾಜಿನ ಸ್ಲೈಡು ಅದಲುಬದಲು ಮಾಡಿದ್ದೀಯಾ ಎಂದು ಕೇಳಿದರು. ಇಲ್ಲ ಎಂದೆ. ಔಷಧಿಯ ಪ್ರಮಾಣ ತಪ್ಪಿರಬಹುದಾ? ಇಲ್ಲ. ಅವರು ಪುಡಿ ಉದುರಿದ್ದ ಮೂರು ಗಾಜುಗಳ ಮೇಲಿನ ಸಂಖ್ಯೆಗಳನ್ನು ಒಂದು ಚೀಟಿಗೆ ಬರೆದು ನನ್ನ ಮುಂದೆ ತಳ್ಳಿ, ಯೋಚನೆ ಮಾಡು ಎಂದು ಹೊರಟರು. ಯೋಚನೆ ಮಾಡುವುದೇನಿತ್ತು? ಒಂದು, ಎರಡು, ಮೂರು. ಎಡಗಡೆಯ ಮೂರು ಇಲಿಗಳು.

ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ನಾನು ಅತ್ತದ್ದು ಪದವಿ ಹೋಯಿತೆಂದಲ್ಲ, ಮೊದಲಿಗಂತೂ ಅಲ್ಲ. ಬೆಚ್ಚಗಿರಲಿ ಎಂದು ಇಟ್ಟ ದೀಪ ಅವುಗಳ ಮಿದುಳನ್ನು ತಿಂದಿತ್ತು. ಯಾವ ಮೂರಕ್ಕೆ ನಾನು ಏನೂ ಮಾಡಲಿಲ್ಲವೆಂದು ಬೇಜಾರು ಪಟ್ಟಿದ್ದೆನೋ ಅವುಗಳ ಮಿದುಳು ಉಳಿದುಕೊಂಡಿತ್ತು.

ಪದವಿಯ ಭಯ ಮಾರನೆಯ ದಿನ ಬಂತು. ಹೇಳಿದರೆ ಕೆಲಸ ಪೂರ್ತಿ ರದ್ದಾಗಬಹುದು. ಹೇಳದಿದ್ದರೆ ದಾರಿ ಇತ್ತು: ಬಣ್ಣ ಹಾಕುವಾಗ ಆ ಮೂರು ಕೆಟ್ಟವು ಎಂದು ಬರೆದುಬಿಡುವುದು. ಬೆಳ್ಳಿಯ ಬಣ್ಣ ಕೆಡುವುದು ಸಾಮಾನ್ಯ, ಯಾರೂ ಕೇಳುವುದಿಲ್ಲ. ದೀಪ ಕಂಡವರು ಅಟೆಂಡರ್ ಒಬ್ಬರೇ. ಅವರು ಯಾರಿಗೂ ಹೇಳಿರಲಿಲ್ಲ. ನನ್ನನ್ನು ಕಂಡಾಗ ಮಾತ್ರ ಬಾಣಂತಿಯರು ಚೆಂದಾಗವ್ರಾ ಎಂದು ಕೇಳುತ್ತಿದ್ದರು, ಮತ್ತು ನಾನು ನಗದೆ ಇದ್ದದ್ದನ್ನು ಕಂಡು ಕೇಳುವುದನ್ನು ನಿಲ್ಲಿಸಿದರು. ನಾಲ್ಕು ದಿನ ಆ ಚೀಟಿಯನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡು ತಿರುಗಿದೆ. ಐದನೆಯ ದಿನ ಊರಿನ ಬಸ್ಸು ಹತ್ತಿದೆ.

ಬಸ್ಸು ಕೊಳ್ಳೇಗಾಲ ಮುಟ್ಟುವವರೆಗೆ ಕಿಟಕಿಗೆ ತಲೆಯಾನಿಸಿ ಕೂತಿದ್ದೆ. ಆ ಬಸ್‌ಸ್ಟ್ಯಾಂಡಿನಲ್ಲಿ ಒಂದು ಕಡೆ ಹನೂರಿನ ಬಸ್ಸು ನಿಲ್ಲುತ್ತದೆ, ಇನ್ನೊಂದು ಕಡೆ ಯಳಂದೂರಿನದು. ಪಿಯುಸಿ ದಿನಗಳಲ್ಲಿ ಅವ್ವ ತವರಿನಿಂದ ಬರುವಾಗಲೆಲ್ಲ ಅಲ್ಲಿ ಇಳಿದು, ನನ್ನ ಕಾಲೇಜು ಬಿಡುವವರೆಗೆ ಕಾದು, ಇಬ್ಬರೂ ಒಟ್ಟಿಗೆ ಊರಿನ ಬಸ್ಸು ಹತ್ತುತ್ತಿದ್ದೆವು. ಸೀರೆಯ ಸೆರಗಿನಲ್ಲಿ ಹುರಿದ ಕಡಲೆಕಾಯಿ ಕಟ್ಟಿಕೊಂಡು ಬಂದಿರುತ್ತಿದ್ದಳು. ಹನೂರಿನ ಬಸ್ಸು ಬಂದು ನಿಂತಿತು. ಇಳಿಯುವ ಹೆಂಗಸರನ್ನು ಕೊನೆಯವಳವರೆಗೆ ನೋಡಿದೆ. ಎಷ್ಟೋ ವರ್ಷವಾದರೂ ಇದು ಬಿಟ್ಟಿಲ್ಲ. ಈಗಲೂ ನೋಡುತ್ತೇನೆ.

ಮನೆಯಲ್ಲಿ ಹುಳು ನಾಲ್ಕನೆಯ ಸಲ ಮಲಗಿದ್ದವು. ಅಜ್ಜಿ ಹೊರಜಗಲಿಯ ಮೇಲೆ ಕೂತಿದ್ದಳು, ಅವ್ವ ಕೂರುತ್ತಿದ್ದ ಜಾಗದ ಪಕ್ಕ. ಆ ಜಾಗದಲ್ಲಿ ಮಾತ್ರ ಯಾರೂ ಕೂರುತ್ತಿರಲಿಲ್ಲ, ಸೊಪ್ಪಿನ ಬುಟ್ಟಿ ಇಡುತ್ತಿದ್ದರು. ನಾನು ಚೀಲ ಇಳಿಸಿ ನೇರವಾಗಿ ಹೇಳಿದೆ: ನೀನು ಹೇಳಿದ್ದೇ ಸರಿ ಕಣಜ್ಜಿ, ನಮಗೆ ಆಗುವ ಮಾತಲ್ಲ, ನಾನು ಹುಳು ನೋಡಿಕೊಂಡು ಇಲ್ಲೇ ಇರುತ್ತೇನೆ.

ಅವಳು ಗೆದ್ದೆನೆಂದು ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. ಏನಾಯಿತು ಎಂದು ಕೇಳಿದಳು. ಹೇಳಿದೆ. ಇಲಿ, ನಿದ್ದೆಯ ಔಷಧಿ, ಕಾಯಿಸುವ ಔಷಧಿ, ಬಲ್ಬು, ಗೇಣು, ಬೆರಳು, ಎಲ್ಲ. ಅವ್ವನ ಪಾದ ಆಸ್ಪತ್ರೆಯಲ್ಲಿ ತಣ್ಣಗಿದ್ದದ್ದನ್ನೂ ಹೇಳಿದೆ. ಅದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಅಜ್ಜಿ ಬುಟ್ಟಿಯಿಂದ ಒಂದು ಹಿಡಿ ಸೊಪ್ಪು ಎಳೆದುಕೊಂಡು ಎಲೆಯ ತೊಟ್ಟು ಮುರಿಯತೊಡಗಿದಳು.

"ನಾನೂ ಒಂದ್ಸಲ ಕೆಂಡ ಜಾಸ್ತಿ ಆಕ್ಬುಟ್ಟಿದ್ದೆ ಕೂಸೇ," ಎಂದಳು. "ಮಲ್ಗಿದ್ದೋವು. ಚಳಿ ಅಂದ್ಕಂಡು ಬಾಣ್ಲಿ ತುಂಬ ಆಕಿ, ಗೋಣಿ ಬಿಗ್ಯಾಗಿ ಕಟ್ಬುಟ್ಟು, ಸೊಪ್ಪು ತರಾಕ ಓಗಿದ್ದಿ. ಬರೋದ್ರೊಳ್ಗ ಎಲ್ಲ ಬಾಡ್ಬುಟ್ಟಿದ್ದೊ."

ಯಾವಾಗ ಎಂದು ಕೇಳಿದೆ. ಕೇಳುವಾಗಲೇ ನನಗೆ ಗೊತ್ತಾಗಿತ್ತು.

"ನಿಮ್ಮವ್ವ ಬಂದ ವರ್ಸ."

ಒಳಗೆ ಹುಳು ಮಲಗಿದ್ದರಿಂದ ಸದ್ದೇ ಇರಲಿಲ್ಲ. ಅವ್ವ ಆ ಹೊಸಿಲಿನ ಈಚೆ ಕೂತು ಹೆಚ್ಚಿದ ಸೊಪ್ಪಿನ ಲೆಕ್ಕ ಯಾರು ಇಟ್ಟಿದ್ದರು? ಒಂದು ಬಾಣಲೆ ಕೆಂಡದ ತಪ್ಪನ್ನು ಅವಳು ಸಾಯುವವರೆಗೆ ಹೊತ್ತಿದ್ದಳು. ನನಗೆ ಸಿಟ್ಟು ಬರಬೇಕಿತ್ತು, ಬಂತು ಕೂಡ. ಆದರೆ ಅಜ್ಜಿಯ ಕೈ ನೋಡಿದೆ. ಮುರಿಯಲು ತೊಟ್ಟು ಉಳಿದಿರಲಿಲ್ಲ, ಬೆರಳು ಸುಮ್ಮನೆ ಆಡುತ್ತಿತ್ತು. ಅವ್ವನಿಗೆ ಹೇಳಿದ್ದೆಯಾ ಎಂದು ಕೇಳಿದೆ.

"ಯೋಳ್ಬೇಕು ಅಂದ್ಕತಿದ್ದಿ. ವರ್ಸ ವರ್ಸಾನೂ ಅಂದ್ಕತಿದ್ದಿ," ಎಂದಳು. ಮುಖ ಆಚೆ ತಿರುಗಿಸಿಕೊಂಡು: "ನೀನು ಬಿರ್ರನ ಯೋಳ್ಬುಡು. ದಿನ ಆದಷ್ಟೂ ಬಾಯಿ ಬರಾಕಿಲ್ಲ."

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ.

ಮೇಡಂ ತಮ್ಮ ಕೋಣೆಯಲ್ಲಿ ಟಿಫಿನ್ ಡಬ್ಬಿ ಬಿಚ್ಚುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಹುಳುವಿನ ಮನೆಯಿಂದ ಹಿಡಿದು ಹೇಳಿದೆ, ಇಲ್ಲದಿದ್ದರೆ ದೀಪ ಏಕೆ ಇಟ್ಟೆ ಎನ್ನುವುದು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಅವರು ಡಬ್ಬಿಯ ಮುಚ್ಚಳ ಮತ್ತೆ ಹಾಕಿದರು. ಬಯ್ಯುತ್ತಾರೆಂದು ಕಾದೆ.

"ಎಷ್ಟು ವಾಟಿನ ಬಲ್ಬು?" ಎಂದರು.

"ಅರವತ್ತು, ಮೇಡಂ."

"ಎಷ್ಟು ಎತ್ತರದಲ್ಲಿ?"

ಕೈಯಲ್ಲಿ ತೋರಿಸಿದೆ. ಒಂದು ಗೇಣು, ನಾಲ್ಕು ಬೆರಳು. ಅವರು ಡ್ರಾಯರಿನಿಂದ ಸ್ಕೇಲು ತೆಗೆದು ನನ್ನ ಗೇಣನ್ನು ಅಳೆದರು. ನಿಮ್ಮ ಮನೆಯಲ್ಲಿ ಇದನ್ನು ಎಲ್ಲಾದರೂ ಬರೆದಿಟ್ಟಿದ್ದಾರಾ ಎಂದು ಕೇಳಿದರು. ಇಲ್ಲ ಮೇಡಂ, ಕೈಯಲ್ಲೇ ಇದೆ ಎಂದೆ. ಆಗ ಬಯ್ದರು. ಚೆನ್ನಾಗಿಯೇ ಬಯ್ದರು. ದೀಪ ಇಟ್ಟದ್ದಕ್ಕಲ್ಲ, ಬರೆಯದೆ ಇದ್ದದ್ದಕ್ಕೆ. ಬಯ್ದು ಮುಗಿಸಿ, ಡಬ್ಬಿಯಲ್ಲಿದ್ದ ಎರಡು ಚಪಾತಿಯಲ್ಲಿ ಒಂದನ್ನು ನನ್ನ ಕಡೆ ತಳ್ಳಿದರು.

ಸಮಿತಿಗೆ ಪತ್ರ ಬರೆದೆವು. ನನ್ನ ತಪ್ಪು ಹೀಗೆ ಎಂದು ನಾನೇ ಬರೆದು ಸಹಿ ಹಾಕಿದೆ. ಹೊಸ ಇಲಿಗಳಿಗೆ ಅನುಮತಿ ಬರಲು ತಿಂಗಳುಗಳು ಹಿಡಿದವು. ನನ್ನ ಜೊತೆಯವರೆಲ್ಲ ಪದವಿ ಮುಗಿಸಿ ಕೆಲಸಕ್ಕೆ ಸೇರಿದರು. ಊರಲ್ಲಿ ಕೇಳಿದವರಿಗೆ ಅಪ್ಪ, ಇನ್ನೂ ಓದ್ತಾವ್ಳ, ದೊಡ್ ಓದು ಕಣ್ರಿ, ತಡಾಗ್ತದ ಎನ್ನುತ್ತಿದ್ದನಂತೆ. ಅಪ್ಪ ನನ್ನ ಓದಿನ ಬಗ್ಗೆ ಬಾಯಿಬಿಟ್ಟು ಆಡಿದ ಮೊದಲ ಮಾತು ಅದು, ಅದೂ ನನ್ನೆದುರು ಅಲ್ಲ.

ಎರಡನೆಯ ಸಲ ಸರಿಯಾಗಿ ಮಾಡಿದೆವು. ಮಲಗಿಸಿದ ಇಲಿಗಳಲ್ಲಿ ಒಂದು ಗುಂಪನ್ನು ಹಾಗೇ ತಣ್ಣಗಾಗಲು ಬಿಟ್ಟೆವು. ಇನ್ನೊಂದು ಗುಂಪನ್ನು ಶಾಖದ ಹಾಸಿನ ಮೇಲೆ ಮಲಗಿಸಿ, ಎಚ್ಚರವಿರುವ ಇಲಿಗೆ ಇರುವಷ್ಟೇ ಮೈಶಾಖ ಇರುವಂತೆ ನೋಡಿಕೊಂಡೆವು. ಎಲ್ಲಕ್ಕೂ ಉಷ್ಣಮಾಪಕ, ಎಲ್ಲದರ ಅಂಕಿಯೂ ಪುಸ್ತಕದಲ್ಲಿ. ಆ ಸಲ ಅಟೆಂಡರ್ ಬಂದು ನನ್ನ ಪಕ್ಕ ಸ್ಟೂಲು ಹಾಕಿಕೊಂಡು ಕೂತರು. ಬಾಣಂತಿಯ ಮನೆಗೆ ಒಬ್ಬರಾದರೂ ಹಿರಿಯರು ಬೇಕಲ್ಲ ಎಂದರು.

ತಣ್ಣಗೆ ಮಲಗಿದವುಗಳ ಮಿದುಳು ಶುದ್ಧವಾಗಿತ್ತು. ಬೆಚ್ಚಗೆ ಮಲಗಿದವುಗಳ ಮಿದುಳಿನಲ್ಲಿ ಕಪ್ಪು ಪುಡಿ ಇತ್ತು. ಎಚ್ಚರವಿದ್ದವುಗಳಿಗಿಂತ ಕಡಿಮೆ, ಆದರೆ ಇತ್ತು. ಅಂದರೆ ನಮ್ಮ ಇಲಿಗಳಲ್ಲಿ ಅರಿವಳಿಕೆ ಕಾಯ್ದದ್ದು ಸ್ವಲ್ಪ, ಅದರ ಜೊತೆ ಬಂದ ತಂಪು ಕಾಯ್ದದ್ದು ಹೆಚ್ಚು. ತಂಪಿನ ಕೆಲಸಕ್ಕೆ ನಾವೆಲ್ಲ ನಿದ್ದೆಗೆ ಹೆಸರು ಕೊಟ್ಟಿದ್ದೆವು. ಈಗ ನನ್ನ ವಿದ್ಯಾರ್ಥಿಗಳಿಗೆ ಇದನ್ನು ಹೀಗೆ ಹೇಳುತ್ತೇನೆ: ಒಂದು ಔಷಧಿ ಮಿದುಳಿಗೆ ವಿಷವೋ ಅಲ್ಲವೋ ಎಂದು ಪ್ರಾಣಿಯನ್ನು ಮಲಗಿಸಿ ನೋಡುವುದಾದರೆ, ಅದರ ಪಾದ ಮುಟ್ಟಿ ನೋಡಿ. ಇಲ್ಲದಿದ್ದರೆ ವಿಷವನ್ನು ಒಳ್ಳೆಯದೆಂದು ಬರೆದುಬಿಡುತ್ತೀರಿ. ಮಕ್ಕಳು ನಗುತ್ತಾರೆ. ನಗಲಿ.

ಇದು ದೊಡ್ಡ ಶೋಧವೇನೂ ಅಲ್ಲ. ಶಾಖದ ಮಾತನ್ನು ನಮಗಿಂತ ಮೊದಲೇ ಬಲ್ಲವರು ಇದ್ದರು. ಮೌಖಿಕ ಪರೀಕ್ಷೆಗೆ ಬಂದ ಹೊರಗಿನ ಪರೀಕ್ಷಕರೇ ಹಾಗೆಂದರು. ಆದರೆ ನಿಮಗೆ ಇದು ಹೇಗೆ ಹೊಳೆಯಿತು ಎಂದೂ ಕೇಳಿದರು. ತಪ್ಪಿನಿಂದ ಸಾರ್ ಎಂದೆ. ಆ ತಪ್ಪು ನನ್ನ ಪ್ರಬಂಧದಲ್ಲಿ ಬಲ್ಬಿನ ವಾಟು, ಎತ್ತರ, ಪಂಜರದ ಸಂಖ್ಯೆ ಸಮೇತ ಅಚ್ಚಾಗಿದೆ. ಗೇಣನ್ನು ಸೆಂಟಿಮೀಟರಿಗೆ ಬದಲಿಸಿದ್ದೇವೆ, ಅಷ್ಟೇ. ಯಾರ ಗೇಣು ಎಂದು ಅಲ್ಲಿಲ್ಲ.

ಆ ಇಲಿಗಳನ್ನು ನೆನೆಯುತ್ತೇನೆ. ಅವ್ವನನ್ನು ನೆನೆದಷ್ಟಲ್ಲ, ಆದರೆ ಎರಡೂ ಒಟ್ಟಿಗೇ ಬರುತ್ತವೆ. ತಣ್ಣಗಿದ್ದ ಪಾದಕ್ಕೆ ವೇಲು ಸುತ್ತಿದ್ದು ತಪ್ಪಲ್ಲ ಎಂದು ಈಗ ನನಗೆ ಗೊತ್ತು. ಆಪರೇಷನ್ನಿನಿಂದ ಬಂದವರನ್ನು ಬೆಚ್ಚಗಿಡಲೇಬೇಕು, ಅದನ್ನೇ ಪಾಠ ಮಾಡುತ್ತೇನೆ. ಇಲಿಗಳ ಮೈಯಲ್ಲಿ ಬೇರೆಯದೇ ಬೆಂಕಿ ಇತ್ತು, ಅದಕ್ಕೆ ನಾನು ಇನ್ನಷ್ಟು ಸೇರಿಸಿದೆ. ಗೊತ್ತಿದ್ದರೂ, ಪಾಠ ಮಾಡುವಾಗ ಆ ಒಂದು ಕಡೆ ನನ್ನ ದನಿ ಸಣ್ಣದಾಗುತ್ತದೆ. ಕಿಟಕಿಯ ಆಚೆಯಿಂದ ಯಾರಾದರೂ, ಎದ್ದವಾ ಕಣ್ಣು ಎಂದು ಕೇಳಬಾರದೇ ಅನ್ನಿಸುತ್ತದೆ.

ಪದವಿ ಪತ್ರ ಕೈಗೆ ಬಂದ ದಿನ ಕಾಲೇಜಿನ ಕಚೇರಿಯಿಂದ ನೇರವಾಗಿ ಬಸ್‌ಸ್ಟ್ಯಾಂಡಿಗೆ ಹೋದೆ. ಪ್ಲಾಸ್ಟಿಕ್ ಫೈಲಿನಲ್ಲಿಟ್ಟು, ಮಡಚದ ಹಾಗೆ ಎದೆಗೆ ಆನಿಸಿಕೊಂಡೇ ಕೂತೆ. ಕೊಳ್ಳೇಗಾಲದಲ್ಲಿ ಬಸ್ಸು ಬದಲಿಸುವಾಗ ಹನೂರಿನ ಬಸ್ಸು ನಿಂತಿತ್ತು. ಇಳಿಯುವವರನ್ನು ನೋಡಿದೆ. ಊರಿನ ಬಸ್ಸು ಹತ್ತಿದೆ.

ಅಂಗಳದಲ್ಲಿ ಬಿಸಿಲು ಇನ್ನೂ ಇತ್ತು. ಹುಳು ಎದ್ದಿದ್ದವು, ಸೊಪ್ಪು ತಿನ್ನುವ ಸದ್ದು ಜಗಲಿಗೆ ಕೇಳುತ್ತಿತ್ತು. ಅಪ್ಪ ಫೈಲಿನ ಕಡೆ ನೋಡಿ, ಎರಡು ಸಲ ಕೆಮ್ಮಿ, ಟವಲಿನಿಂದ ಕಣ್ಣು ಒರೆಸಿಕೊಂಡು, ಸೊಪ್ಪು ತರುತ್ತೇನೆಂದು ತೋಟದ ಕಡೆ ಹೋಗಿಬಿಟ್ಟ. ಸೊಪ್ಪು ಮನೆಯಲ್ಲಿ ಬೇಕಾದಷ್ಟಿತ್ತು. ಅಜ್ಜಿಗೆ ಆಗಲೇ ಕಣ್ಣು ಮಸುಕು. ಕಾಲು ತೊಳೆದು ಬಂದು ಅವಳ ಎದುರು ಕೂತು, ಫೈಲಿನಿಂದ ತೆಗೆದು ಪತ್ರವನ್ನು ಅವಳ ಎರಡೂ ಕೈಗೆ ಇಟ್ಟೆ. ಓದು ಬಾರದವಳು. ಹುಳುವಿನ ತಟ್ಟೆ ಹಿಡಿಯುವ ಹಾಗೆ ಅಲುಗಿಸದೆ ಹಿಡಿದಳು. ಅಂಚು ಸವರಿದಳು, ಉಬ್ಬಿದ ಮುದ್ರೆ ಎಲ್ಲಿದೆ ಎಂದು ಬೆರಳಲ್ಲಿ ಹುಡುಕಿ ಅಲ್ಲಿ ನಿಲ್ಲಿಸಿದಳು. ಆಗುವ ಮಾತಲ್ಲ ಎಂದಿದ್ದವಳು ಈಗ ಏನನ್ನುತ್ತಾಳೋ ಎಂದು ಕಾದೆ.

ಅವಳು ಪತ್ರವನ್ನು ನನಗೆ ವಾಪಸ್ಸು ಕೊಟ್ಟು, ಹುಳುವಿನ ಮನೆಯ ಬಾಗಿಲ ಕಡೆ ಕೈ ತೋರಿಸಿದಳು.

"ಒಳ್ಗಡ ಮಡಗು ಕೂಸೇ. ನಿಮ್ಮವ್ವ ಒಳಕ ಬರ್ಲಿ."